‘ಐ ಆಮ್ ನೋಯಿಂಗ್’ ಯಾರ ಮಾತೃಭಾಷೆಯದು? ಇಂಗ್ಲಿಷ್‌ನ ಸಾತತ್ಯ ರೂಪ ಮತ್ತು ಕನ್ನಡದ ಸಾಕ್ಷ್ಯ: ಒಂದು ವಿಮರ್ಶೆ

ಸಾರಾಂಶ

ಭಾರತೀಯರ ಇಂಗ್ಲಿಷ್‌ನಲ್ಲಿ ‘-ಇಂಗ್’ ರೂಪವು ಸ್ಥಿತಿವಾಚಕ ಕ್ರಿಯಾಪದಗಳಿಗೂ ರೂಢಿಯ ಕ್ರಿಯೆಗಳಿಗೂ ವಿಸ್ತರಿಸಿಕೊಂಡಿರುವುದಕ್ಕೆ ಮಾತೃಭಾಷೆಯ ಪ್ರಭಾವವೇ ಕಾರಣವೆಂಬುದು ಬಹುಕಾಲದಿಂದ ಒಪ್ಪಿತವಾದ ವಿವರಣೆ. ಈ ವಿವರಣೆಯನ್ನು ಕನ್ನಡದ ವ್ಯಾಕರಣದ ಎದುರು ನಿಲ್ಲಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿಷಯದಲ್ಲಿ ಹೆಚ್ಚಾಗಿ ಉದಾಹರಿಸಲಾಗುವ ‘ನೋಯಿಂಗ್’, ‘ಹ್ಯಾವಿಂಗ್’ ಮುಂತಾದ ಪ್ರಯೋಗಗಳಿಗೆ ಕನ್ನಡದಲ್ಲಿ ಮಾದರಿಯೇ ಇಲ್ಲ. ಕನ್ನಡದಿಂದ ನಿಜವಾಗಿ ಬರಬಹುದಾದ ಭೂತಕಾಲದ ರೂಢಿಯ ‘-ಇಂಗ್’ ಪ್ರಯೋಗವಾದರೋ ದೋಷಪಟ್ಟಿಗಳ ಕಣ್ಣಿಗೆ ಬಿದ್ದಿಲ್ಲ. ಕನ್ನಡ, ತಮಿಳು ಮತ್ತು ಟಿಬೆಟನ್ ನುಡಿಗಳು ಒಟ್ಟಿಗಿರುವ ಒಡೆಯರಪಾಳ್ಯದಂಥ ನೆಲೆಯಲ್ಲಿ ಈ ಊಹೆಗಳನ್ನು ಪರೀಕ್ಷಿಸಬಹುದೆಂದು ಲೇಖನ ವಾದಿಸುತ್ತದೆ.

ಪ್ರಮುಖ ಪದಗಳು: ಸಾತತ್ಯ ರೂಪ, ಕ್ರಿಯಾವಸ್ಥೆ, ಸ್ಥಿತಿವಾಚಕ ಕ್ರಿಯಾಪದ, ಭಾಷಾಸಂಪರ್ಕ, ಭಾರತೀಯ ಇಂಗ್ಲಿಷ್, ಕನ್ನಡ

1. ಪೀಠಿಕೆ

ಇಂಗ್ಲಿಷ್ ಕಲಿಸುವ ತರಗತಿಗಳಲ್ಲಿ ವಿದ್ಯಾರ್ಥಿಯ ಬರಹದ ಅಂಚಿನಲ್ಲಿ ಅಧ್ಯಾಪಕರು ಬರೆಯುವ ಟಿಪ್ಪಣಿಗಳಲ್ಲಿ ‘ಮಾತೃಭಾಷೆಯ ಪ್ರಭಾವ’ ಎಂಬುದು ಬಹಳ ಸಾಮಾನ್ಯವಾದದ್ದು. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ‘ಐ ಆಮ್ ನೋಯಿಂಗ್’ ಎಂಬ ಒಂದೇ ಪ್ರಯೋಗವನ್ನು ಕಂಡು ನಾನು ಎರಡರ ಅಂಚಿನಲ್ಲೂ ಈ ಟಿಪ್ಪಣಿಯನ್ನೇ ಬರೆದದ್ದುಂಟು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಟಿಬೆಟನ್. ರಚನೆಯಲ್ಲಾಗಲಿ ವಂಶದಲ್ಲಾಗಲಿ ಸಂಬಂಧವಿಲ್ಲದ ಈ ಎರಡು ಭಾಷೆಗಳು ಒಂದೇ ಪ್ರಭಾವವನ್ನು ಬೀರಿದ್ದು ಹೇಗೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಪ್ರಸ್ತುತ ಲೇಖನ ಆ ಪ್ರಶ್ನೆಯನ್ನು ತಡವಾಗಿ ಎತ್ತಿಕೊಳ್ಳುತ್ತದೆ.

ಪ್ರಶ್ನೆ ಕೇವಲ ಬೋಧನೆಗೆ ಸಂಬಂಧಿಸಿದ್ದಲ್ಲ. ಒಂದು ಪ್ರಯೋಗಕ್ಕೆ ಮಾತೃಭಾಷೆಯೇ ಕಾರಣವೆಂದು ಹೇಳುವಾಗ ನಾವು ಆ ಭಾಷೆಯ ವ್ಯಾಕರಣದ ಬಗ್ಗೆ ಒಂದು ಪ್ರತಿಪಾದನೆಯನ್ನು ಮಾಡುತ್ತಿರುತ್ತೇವೆ. ಆ ಪ್ರತಿಪಾದನೆ ತಪ್ಪಾದರೆ ಇಂಗ್ಲಿಷ್‌ಗಿಂತ ಹೆಚ್ಚಾಗಿ ಕನ್ನಡವನ್ನೇ ನಾವು ತಪ್ಪಾಗಿ ವರ್ಣಿಸಿದಂತಾಗುತ್ತದೆ.

2. ಚರ್ಚೆಯ ಹಿನ್ನೆಲೆ

ವೆಂಡ್ಲರ್ 1957ರಲ್ಲಿ ಕ್ರಿಯಾಪದಗಳನ್ನು ಅವು ಸೂಚಿಸುವ ಘಟನೆಯ ಕಾಲಸ್ವರೂಪವನ್ನು ಅನುಸರಿಸಿ ವಿಂಗಡಿಸಿದ ಮೇಲೆ, ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೂ ಇಂಗ್ಲಿಷ್‌ನ ಸಾತತ್ಯ ರೂಪಕ್ಕೂ ಇರುವ ವಿರೋಧ ಭಾಷಾಶಾಸ್ತ್ರದ ಪಾಠಗಳಲ್ಲಿ ನೆಲೆಗೊಂಡಿತು. ಕಾಮ್ರಿ (1976) ಸಾತತ್ಯವನ್ನು ಅಪೂರ್ಣ ಅವಸ್ಥೆಯ ಒಂದು ಉಪವಿಭಾಗವಾಗಿ ಇಟ್ಟರು: ರೂಢಿಯೂ ಸಾತತ್ಯವೂ ಅಪೂರ್ಣದ ಎರಡು ಕವಲುಗಳು, ಇಂಗ್ಲಿಷ್‌ನಂಥ ಭಾಷೆಗಳು ಎರಡನೆಯದಕ್ಕೆ ಪ್ರತ್ಯೇಕ ರೂಪವನ್ನು ಇಟ್ಟುಕೊಂಡಿವೆ. ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣ (1985) ಸ್ಥಿತಿವಾಚಕಗಳು ಸಾಮಾನ್ಯವಾಗಿ ಈ ರೂಪವನ್ನು ಪಡೆಯುವುದಿಲ್ಲವೆಂದು ಹೇಳಿ ಅಪವಾದಗಳನ್ನೂ ಕೊಡುತ್ತದೆ.

ಭಾರತೀಯ ಇಂಗ್ಲಿಷ್‌ನ ವರ್ಣನೆಗಳು ಈ ನಿಯಮದ ಉಲ್ಲಂಘನೆಯನ್ನು ಮೊದಲಿನಿಂದಲೂ ಗುರುತಿಸಿವೆ. ನಿಹಲಾನಿ, ಟಾಂಗ್ ಮತ್ತು ಹೊಸಾಲಿಯವರ ಬಳಕೆಯ ಕೈಪಿಡಿಯಿಂದ (1979) ಕಚ್ರು ಅವರ ಭಾರತೀಕರಣದ ಚರ್ಚೆಯವರೆಗೆ (1983) ಅದು ಪರಿಚಿತ ವಿಷಯ. ಸಾಹಿತ್ಯವೂ ಇದಕ್ಕೆ ಪ್ರಚಾರ ಕೊಟ್ಟಿತು. ಮುಂಬಯಿಯ ಕವಿ ನಿಸ್ಸಿಮ್ ಎಜೆಕಿಯಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪ ಟಿ.ಎಸ್.’ ಎಂಬ ಕವಿತೆಯಲ್ಲಿ ಈ ರೂಪವನ್ನೇ ಹಾಸ್ಯದ ಸಾಧನವಾಗಿಸಿಕೊಂಡರು. ಇಂಥ ಲಕ್ಷಣಗಳು ಹೀಗೆ ಒಂದು ದೇಶದ ಗುರುತಾಗಿ ಹರಡಿದಂತೆಲ್ಲ, ಅವು ಯಾವ ಭಾಷೆಯವರ ಬಾಯಲ್ಲಿ ಯಾವ ಕ್ರಿಯಾಪದದ ಜೊತೆ ಬರುತ್ತವೆ ಎಂಬ ವಿಚಾರಣೆ ಹಿಂದೆ ಸರಿಯುತ್ತದೆ.

ದೇವಯಾನಿ ಶರ್ಮಾ ಅವರ ಅಧ್ಯಯನ (2009) ಈ ಅಸ್ಪಷ್ಟತೆಯಿಂದ ಹೊರಬಂದ ಮುಖ್ಯ ಪ್ರಯತ್ನ. ಭಾರತೀಯ ಮತ್ತು ಸಿಂಗಪುರ ಇಂಗ್ಲಿಷ್‌ಗಳನ್ನು ಹೋಲಿಸಿ, ಮೇಲ್ನೋಟಕ್ಕೆ ಒಂದೇ ಎನಿಸುವ ಲಕ್ಷಣಗಳು ಆಧಾರಭಾಷೆಗಳ ರಚನೆಯನ್ನು ಅನುಸರಿಸಿ ಬೇರೆಯಾಗುತ್ತವೆಂದು ಅವರು ತೋರಿಸಿದರು. ಹಿಂದಿಯಲ್ಲಿ ಪೂರ್ಣ ಮತ್ತು ಅಪೂರ್ಣ ಅವಸ್ಥೆಗಳ ಭೇದ ಕ್ರಿಯಾರೂಪದಲ್ಲೇ ಕಡ್ಡಾಯವಾಗಿ ಕಾಣಿಸಿಕೊಳ್ಳುವುದರಿಂದ, ಇಂಗ್ಲಿಷ್‌ನ ‘-ಇಂಗ್’ ಅಪೂರ್ಣದ ಸಾಮಾನ್ಯ ಚಿಹ್ನೆಯಾಗಿ ಬಳಕೆಗೆ ಬರುತ್ತದೆ ಎಂಬುದು ಆ ವಾದದ ತಿರುಳು. ನನ್ನ ತಕರಾರು ಈ ಅಧ್ಯಯನದ ಬಗ್ಗೆ ಅಲ್ಲ. ಅದರ ಫಲಿತವನ್ನು ‘ಭಾರತೀಯ ಭಾಷೆಗಳು’ ಎಂಬ ಒಂದೇ ಹೆಸರಿನಡಿ ದಕ್ಷಿಣಕ್ಕೂ ಅನ್ವಯಿಸುವ ಪರಿಪಾಠದ ಬಗ್ಗೆ.

ಈ ಪರಿಪಾಠಕ್ಕೆ ಉತ್ತರ ಕನ್ನಡದವರಿಂದಲೇ ಬಂದಿತ್ತು. ಡಿ. ಎನ್. ಶಂಕರ ಭಟ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾಷೆಗಳನ್ನು ಕಾಲಪ್ರಧಾನ, ಅವಸ್ಥಾಪ್ರಧಾನ ಮತ್ತು ಮನೋಭಾವಪ್ರಧಾನ ಎಂದು ವಿಂಗಡಿಸಿ, ಕನ್ನಡವೂ ಸೇರಿದ ದ್ರಾವಿಡ ಭಾಷೆಗಳನ್ನು ಕಾಲಪ್ರಧಾನ ವರ್ಗಕ್ಕೆ ಸೇರಿಸಿದರು. ಕ್ರಿಯಾಪದದ ಕೇಂದ್ರದಲ್ಲಿ ಕಾಲಭೇದವಿರುವ ಭಾಷೆಯೊಂದು, ಅವಸ್ಥಾಭೇದ ಕೇಂದ್ರದಲ್ಲಿರುವ ಹಿಂದಿಯ ರೀತಿಯಲ್ಲೇ ಇಂಗ್ಲಿಷ್ ಅನ್ನು ಬದಲಾಯಿಸುತ್ತದೆಂದು ಮೊದಲೇ ಭಾವಿಸಲು ಆಧಾರವಿಲ್ಲ.

3. ಕನ್ನಡದ ಸ್ಥಿತಿವಾಚಕಗಳು

ಕನ್ನಡದಲ್ಲಿ ಸಾತತ್ಯವನ್ನು ಸೂಚಿಸುವ ರೂಪ ‘-ಉತ್ತ’ ಪ್ರತ್ಯಯ ಮತ್ತು ‘ಇರು’ ಧಾತುವಿನ ಸಂಯೋಗ: ಮಾಡುತ್ತಿದ್ದೇನೆ, ಬರುತ್ತಿದ್ದಾನೆ, ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿ ‘ಬತ್ತಾವ್ನೆ’. ಇಂಗ್ಲಿಷ್‌ನ ‘ಬೀ’ ಮತ್ತು ‘-ಇಂಗ್’ಗಳ ಸಂಯೋಗಕ್ಕೆ ಇದು ರಚನೆಯಲ್ಲಿ ಬಹಳ ಹತ್ತಿರ. ಪ್ರಭಾವದ ವಾದಕ್ಕೆ ಬಲ ಬಂದದ್ದೂ ಬಹುಶಃ ಈ ಹೋಲಿಕೆಯಿಂದಲೇ. ಆದರೆ ರಚನೆಯ ಹೋಲಿಕೆ ಬಳಕೆಯ ಹೋಲಿಕೆಯಲ್ಲ. ಕೆಳಗಿನ ವಾಕ್ಯಗಳನ್ನು ನೋಡಬಹುದು (ನಕ್ಷತ್ರ ಚಿಹ್ನೆಯುಳ್ಳವು ಅಸಾಧು).

(1) ನನಗೆ ಅವನು ಗೊತ್ತು. / *ನನಗೆ ಅವನು ಗೊತ್ತುತ್ತಿದ್ದಾನೆ.
(2) ನನಗೆ ಇಬ್ಬರು ಮಕ್ಕಳಿದ್ದಾರೆ. / *ನನಗೆ ಇಬ್ಬರು ಮಕ್ಕಳು ಇರುತ್ತಿದ್ದಾರೆ.
(3) ನನಗೆ ನೀರು ಬೇಕು. / *ನನಗೆ ನೀರು ಬೇಕುತ್ತಿದೆ.
(4) ಈ ಹೊಲ ನಮಗೆ ಸೇರಿದ್ದು. / *ಈ ಹೊಲ ನಮಗೆ ಸೇರುತ್ತಿದೆ (ಒಡೆತನದ ಅರ್ಥದಲ್ಲಿ).

‘ಗೊತ್ತು’ ಮತ್ತು ‘ಬೇಕು’ ಪುರುಷವಾಚಕ ಪ್ರತ್ಯಯಗಳನ್ನು ಪಡೆಯದ ಊನ ರೂಪಗಳು, ಅನುಭವಿಸುವವನು ಚತುರ್ಥಿಯಲ್ಲಿರುತ್ತಾನೆ. ‘ಇಷ್ಟ’ ನಾಮಪದ. ಅಂದರೆ ಇಂಗ್ಲಿಷ್‌ನಲ್ಲಿ ‘ತಿಳಿದಿರು’, ‘ಬಯಸು’, ‘ಮೆಚ್ಚು’, ‘ಹೊಂದಿರು’ ಎಂಬ ಅರ್ಥಗಳ ಕ್ರಿಯಾಪದಗಳಿಗೆ ಕನ್ನಡದ ಸಹಜ ಸಮಾನಾರ್ಥಕಗಳು ಸಾತತ್ಯ ರೂಪವನ್ನು ಪಡೆಯುವುದೇ ಇಲ್ಲ. ಮಾತೃಭಾಷೆಯ ನಿಯಮವನ್ನೇ ಕನ್ನಡಿಗನು ಇಂಗ್ಲಿಷ್‌ಗೆ ಸಾಗಿಸುವುದಾದರೆ ‘ಐ ಆಮ್ ನೋಯಿಂಗ್ ಹಿಮ್’ ಎನ್ನುವುದರಿಂದ ಅವನನ್ನು ತಡೆಯಬೇಕಾದದ್ದು ಕನ್ನಡವೇ.

ಇನ್ನೊಂದು ಸಾಕ್ಷ್ಯ ಇನ್ನೂ ಸ್ಪಷ್ಟವಾದದ್ದು. ಕೂರುವುದು, ನಿಲ್ಲುವುದು, ಮಲಗುವುದು, ಉಡುವುದು ಮುಂತಾದ ಭಂಗಿ ಮತ್ತು ಧಾರಣೆಯ ಕ್ರಿಯಾಪದಗಳಿಗೆ ಇಂಗ್ಲಿಷ್ ‘-ಇಂಗ್’ ಅನ್ನು ಬಳಸಿದರೆ, ಕನ್ನಡ ಭೂತಕೃದಂತದೊಂದಿಗೆ ‘ಇರು’ ಸೇರಿಸಿ ಫಲಸ್ಥಿತಿಯನ್ನು ಹೇಳುತ್ತದೆ: ಕುಳಿತಿದ್ದಾನೆ, ನಿಂತಿದ್ದಾಳೆ, ಸೀರೆ ಉಟ್ಟಿದ್ದಾಳೆ, ಆಡುಮಾತಿನಲ್ಲಿ ‘ಕೂತವ್ನೆ’, ‘ನಿಂತವ್ನೆ’. ‘ಕುಳಿತುಕೊಳ್ಳುತ್ತಿದ್ದಾನೆ’ ಎಂದರೆ ಕೂರುವ ಕ್ರಿಯೆ ನಡೆಯುತ್ತಿದೆ ಎಂದೇ ಅರ್ಥ. ‘ತಿಳಿದಿದೆ’ ಕೂಡ ಇದೇ ಮಾದರಿಯದು: ತಿಳಿಯುವ ಕ್ರಿಯೆ ಮುಗಿದು ಉಳಿದ ಸ್ಥಿತಿ. ಸ್ಥಿತಿಯನ್ನು ಮುಗಿದ ಕ್ರಿಯೆಯ ಫಲವಾಗಿ ಕಾಣುವ ಭಾಷೆಯ ಪ್ರಭಾವವು ‘-ಇಂಗ್’ನ ವ್ಯಾಪ್ತಿಯನ್ನು ಕುಗ್ಗಿಸಬೇಕೇ ಹೊರತು ಹಿಗ್ಗಿಸುವುದಲ್ಲ.

ಹಾಗೆಂದು ಕನ್ನಡದ ಪಾತ್ರವೇ ಇಲ್ಲವೆನ್ನುವುದು ಇನ್ನೊಂದು ತುದಿಯ ತಪ್ಪು. ಈ ಕೆಳಗಿನವು ಕನ್ನಡದಲ್ಲಿ ದಿನಬಳಕೆಯ ವಾಕ್ಯಗಳು.

(5) ಪಾಠ ಅರ್ಥವಾಗುತ್ತಿಲ್ಲ.
(6) ಏನೋ ಸದ್ದು ಕೇಳಿಸುತ್ತಿದೆ.
(7) ಅವನ ಹೆಸರು ನೆನಪಾಗುತ್ತಿಲ್ಲ.
(8) ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಇವುಗಳಲ್ಲಿ ಸಾತತ್ಯ ರೂಪ ಸಹಜವಾಗಿದೆ. ‘ಅರ್ಥ’, ‘ನೆನಪು’, ‘ಗೊತ್ತು’ಗಳಿಗೆ ‘ಆಗು’ ಸೇರಿದಾಗ ಸ್ಥಿತಿಯ ಬದಲು ಸ್ಥಿತಿಯೊಳಗಿನ ಪ್ರವೇಶ ಸೂಚಿತವಾಗುತ್ತದೆ. ಪ್ರವೇಶ ಒಂದು ಘಟನೆಯಾದ್ದರಿಂದ ಅದು ‘ನಡೆಯುತ್ತಿರ’ಬಲ್ಲದು. ‘ಕೇಳಿಸು’, ‘ಕಾಣಿಸು’ಗಳು ನೇರವಾಗಿಯೇ ಸಾತತ್ಯವನ್ನು ಪಡೆಯುತ್ತವೆ. ಹಾಗಾಗಿ ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಮತ್ತು ‘ಐ ಆಮ್ ಹಿಯರಿಂಗ್ ಎ ಸೌಂಡ್’ ಎಂಬುವನ್ನು ಕನ್ನಡದ ಪ್ರಭಾವದಿಂದ ವಿವರಿಸಲು ಅಡ್ಡಿಯಿಲ್ಲ. ಮುಖ್ಯವಾದದ್ದು (1) ಮತ್ತು (8)ರ ನಡುವಿನ ಅಂತರ. ‘ಅವನು ಗೊತ್ತು’ ಎಂಬ ನೆಲೆಗೊಂಡ ಅರಿವಿಗೆ ಕನ್ನಡದಲ್ಲಿ ಸಾತತ್ಯವಿಲ್ಲ; ‘ಗೊತ್ತಾಗುತ್ತಿಲ್ಲ’ ಎಂಬ, ಇನ್ನೂ ಕೈಗೆ ಹತ್ತದ ಅರಿವಿಗೆ ಇದೆ. ಇಂಗ್ಲಿಷ್ ಎರಡಕ್ಕೂ ಒಂದೇ ಕ್ರಿಯಾಪದವನ್ನು ಬಳಸುತ್ತದೆ. ಆದ್ದರಿಂದ ಒಂದೇ ‘ನೋಯಿಂಗ್’ ಎರಡು ಭಿನ್ನ ಮೂಲಗಳಿಂದ ಬಂದಿರಬಹುದು, ಮತ್ತು ಕೇವಲ ‘ನೋ’ ಎಂಬ ಪದವನ್ನು ಎಣಿಸುವ ಅಧ್ಯಯನಕ್ಕೆ ಆ ಭೇದ ಕಾಣಿಸದು. ಪ್ರಭಾವವು ಸ್ಥಿತಿವಾಚಕಗಳೆಂಬ ಇಡೀ ವರ್ಗದ ಮೂಲಕ ಕೆಲಸ ಮಾಡದೆ ಒಂದೊಂದು ರಚನೆಯ ಮೂಲಕ ಕೆಲಸ ಮಾಡುತ್ತದೆ ಎಂಬುದು ಇಲ್ಲಿಂದ ದೊರೆಯುವ ತೀರ್ಮಾನ.

4. ಭೂತಕಾಲದ ಅಸಮತೆ

ವರ್ತಮಾನದಲ್ಲಿ ಕನ್ನಡ ರೂಢಿಯನ್ನೂ ಸಾತತ್ಯವನ್ನೂ ಬೇರೆ ರೂಪಗಳಿಂದ ಹೇಳುತ್ತದೆ: ‘ದಿನಾ ಬಸ್ಸಿನಲ್ಲಿ ಹೋಗುತ್ತೇನೆ’, ‘ಈಗ ಬಸ್ಸಿನಲ್ಲಿ ಹೋಗುತ್ತಿದ್ದೇನೆ’. ‘ಎರಡು ವರ್ಷದಿಂದ ಬಸ್ಸಿನಲ್ಲೇ ಹೋಗುತ್ತಿದ್ದೇನೆ’ ಎಂಬಲ್ಲಿ ಗಡಿ ಸ್ವಲ್ಪ ಸಡಿಲಾದರೂ ಒಟ್ಟಾರೆ ವ್ಯವಸ್ಥೆ ಇಂಗ್ಲಿಷ್‌ನದನ್ನು ಹೋಲುತ್ತದೆ. ಭೂತಕಾಲದಲ್ಲಿ ಈ ಗಡಿ ಅಳಿದುಹೋಗುತ್ತದೆ.

(9) ನೀನು ಕರೆದಾಗ ನಾನು ಗ್ರಂಥಾಲಯಕ್ಕೆ ಹೋಗುತ್ತಿದ್ದೆ.
(10) ಮೈಸೂರಿನಲ್ಲಿದ್ದಾಗ ನಾನು ದಿನಾ ಗ್ರಂಥಾಲಯಕ್ಕೆ ಹೋಗುತ್ತಿದ್ದೆ.

(9) ಸಾತತ್ಯ, (10) ರೂಢಿ, ರೂಪ ಒಂದೇ. ‘ಹೋದೆ’ ಎಂಬ ಸರಳ ಭೂತರೂಪ ಮುಗಿದ ಘಟನೆಯನ್ನು ಹೇಳುವುದರಿಂದ, ಭೂತಕಾಲದ ರೂಢಿಯ ಹೊರೆಯನ್ನೂ ‘ಹೋಗುತ್ತಿದ್ದೆ’ ಹೊರಬೇಕಾಗಿದೆ. ವರ್ತಮಾನದಲ್ಲಿ ‘ಹೋಗುತ್ತೇನೆ’ ವಹಿಸುವ ಪಾತ್ರಕ್ಕೆ ಸಮನಾದ ಸರಳ ರೂಪ ಭೂತದಲ್ಲಿಲ್ಲ.

ಇದರಿಂದ ಹೊರಡುವ ಊಹೆ ನಿಖರವಾದದ್ದು: ಕನ್ನಡದ ಪ್ರಭಾವ ನಿಜವಾದರೆ, ಕನ್ನಡಿಗರ ಇಂಗ್ಲಿಷ್‌ನಲ್ಲಿ ರೂಢಿಯನ್ನು ಹೇಳುವ ‘-ಇಂಗ್’ ವರ್ತಮಾನಕ್ಕಿಂತ ಭೂತದಲ್ಲಿ ಹೆಚ್ಚಾಗಿ ಕಾಣಬೇಕು. ‘ವೆನ್ ಐ ವಾಸ್ ಇನ್ ಮೈಸೂರ್, ಐ ವಾಸ್ ಗೋಯಿಂಗ್ ಟು ದ ಲೈಬ್ರರಿ ಡೈಲಿ’ ಎಂಬ ವಾಕ್ಯ (10)ರ ಪದಶಃ ಪ್ರತಿರೂಪ. ಆದರೂ ದೋಷಪಟ್ಟಿಗಳಲ್ಲಿ ಈ ಬಗೆಯ ವಾಕ್ಯ ‘ನೋಯಿಂಗ್’ನಷ್ಟು ಪ್ರಸಿದ್ಧವಲ್ಲ. ಕಾರಣ ಸರಳ. ‘ಐ ವಾಸ್ ಗೋಯಿಂಗ್’ ತನ್ನಷ್ಟಕ್ಕೆ ನಿರ್ದುಷ್ಟ ಇಂಗ್ಲಿಷ್. ಅದು ರೂಢಿಯನ್ನು ಹೇಳುತ್ತಿದೆಯೆಂಬುದು ಸಂದರ್ಭದಿಂದ ಮಾತ್ರ ತಿಳಿಯುತ್ತದೆ. ‘ಐ ಆಮ್ ನೋಯಿಂಗ್’ ಆದರೋ ಓದಿದ ಕೂಡಲೇ ಕಣ್ಣಿಗೆ ಚುಚ್ಚುತ್ತದೆ. ನಾವು ಸಂಗ್ರಹಿಸಿದ್ದು ಚುಚ್ಚಿದ್ದನ್ನು; ಕನ್ನಡದಿಂದ ಬಂದಿರಬಹುದಾದದ್ದು ಕಣ್ತಪ್ಪಿದೆ.

ಲಭ್ಯವಿರುವ ಸಾಮಗ್ರಿಯ ಸ್ವರೂಪವೂ ಇದಕ್ಕೆ ಸಹಕರಿಸಿದೆ. ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ ಸಿದ್ಧವಾದ ಕೊಲ್ಹಾಪುರ ಕಾರ್ಪಸ್ 1978ರ ಮುದ್ರಿತ ಗದ್ಯದಿಂದ ಆಯ್ದ ಸುಮಾರು 10 ಲಕ್ಷ ಪದಗಳ ಸಂಗ್ರಹ. ಅದರ ಮೌಲ್ಯ ದೊಡ್ಡದು. ಆದರೆ ಅಚ್ಚಾದ ಬರಹದಿಂದ ಮನೆಮಾತನ್ನು ಅನುಸರಿಸಿದ ಭೇದಗಳನ್ನು ಹುಡುಕುವುದು ಕಷ್ಟ. ಜಗತ್ತಿನ ಇಂಗ್ಲಿಷ್ ಪ್ರಭೇದಗಳ ಲಕ್ಷಣಗಳನ್ನು ಕ್ರೋಡೀಕರಿಸಿದ ‘ಇ-ವೇವ್’ ಭೂಪಟವು ‘-ಇಂಗ್’ನ ಸ್ಥಿತಿವಾಚಕ ವಿಸ್ತರಣೆಯನ್ನೂ ರೂಢಿಯ ವಿಸ್ತರಣೆಯನ್ನೂ ಎರಡು ಬೇರೆ ಲಕ್ಷಣಗಳಾಗಿ ದಾಖಲಿಸುತ್ತದೆ. ಅದು ಸರಿಯಾದ ಹೆಜ್ಜೆ. ಕನ್ನಡದ ದೃಷ್ಟಿಯಿಂದ ನೋಡಿದರೆ ರೂಢಿಯನ್ನು ಭೂತ ಮತ್ತು ವರ್ತಮಾನಗಳಾಗಿ ಮತ್ತೊಮ್ಮೆ ಒಡೆಯಬೇಕಾಗುತ್ತದೆ.

5. ಒಡೆಯರಪಾಳ್ಯದ ಮೂರು ನುಡಿಗಳು

ಈ ಊಹೆಗಳನ್ನು ಎಲ್ಲಿ ಪರೀಕ್ಷಿಸಬಹುದು? ಆಧಾರಭಾಷೆಗಳು ಭಿನ್ನವಾಗಿದ್ದು ಉಳಿದ ಪರಿಸರ ಆದಷ್ಟೂ ಸಮಾನವಾಗಿರುವ ನೆಲೆ ಬೇಕು. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯ ಅಂಥದೊಂದು. ಹನೂರು ಸೀಮೆಯೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಮಿಳು ಇಲ್ಲಿ ನೆರೆರಾಜ್ಯದ ಭಾಷೆಯಷ್ಟೇ ಅಲ್ಲ, ಅನೇಕ ಮನೆಗಳ ಮಾತು. 1970ರ ದಶಕದಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಟಿಬೆಟನ್ ವಸತಿ, ಸ್ಥಳೀಯರ ಮಾತಿನಲ್ಲಿ ‘ಕ್ಯಾಂಪ್’, ಮೂರನೆಯ ನುಡಿಯನ್ನು ತಂದಿತು.

ಭೂತಕಾಲದ ರೂಢಿಯನ್ನು ಈ ಮೂರೂ ಭಾಷೆಗಳು ಹೇಳುವ ಬಗೆ ಬೇರೆ ಬೇರೆ. ಕನ್ನಡದ್ದನ್ನು ಮೇಲೆ ನೋಡಿದೆವು. ತಮಿಳಿನಲ್ಲಿ ಸಾತತ್ಯ ರೂಪ ಇದ್ದರೂ, ‘ಚಿಕ್ಕಂದಿನಲ್ಲಿ ದಿನಾ ಹೋಗುತ್ತಿದ್ದೆ’ ಎನ್ನಲು ಸಹಜವಾಗಿ ಬರುವುದು ಭವಿಷ್ಯದ ರೂಪ: ‘ಪೋವೇನ್’. ಹಾಗಾಗಿ ತಮಿಳಿನ ಪ್ರಭಾವ ಇಂಗ್ಲಿಷ್‌ನಲ್ಲಿ ‘ವಿಲ್’ ಅಥವಾ ‘ವುಡ್’ನ ಕಡೆಗೆ ಎಳೆಯಬೇಕು, ‘-ಇಂಗ್’ನ ಕಡೆಗಲ್ಲ. ಸ್ಥಿತಿವಾಚಕದಲ್ಲಿ ತಮಿಳು ಕನ್ನಡದ ಜೊತೆಗಿದೆ: ‘ಎನಕ್ಕು ತೆರಿಯುಮ್’ ಎಂಬಲ್ಲಿ ಚತುರ್ಥಿಯೂ ಉಂಟು, ಸಾತತ್ಯದ ಅಭಾವವೂ ಉಂಟು.

ಟಿಬೆಟನ್ ಬೇರೆಯೇ ಲೋಕ. ಲ್ಹಾಸಾ ನುಡಿಯನ್ನು ಆಧರಿಸಿದ, ವಲಸಿಗರಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಟಿಬೆಟನ್‌ನಲ್ಲಿ ಅಪೂರ್ಣ ಅವಸ್ಥೆಯನ್ನು ಹೇಳುವ ‘-ಗಿ ಯೋ’, ‘-ಗಿ ದು’, ‘-ಗಿ ಯೋ ರೇ’ ಎಂಬ ರೂಪಗಳು ಮುಖ್ಯವಾಗಿ ಜ್ಞಾನದ ಮೂಲವನ್ನು ಅನುಸರಿಸಿ ಬೇರೆಯಾಗುತ್ತವೆ: ತನ್ನದೇ ಆದ ಅರಿವು, ಕಂಡು ತಿಳಿದದ್ದು, ಸಾಮಾನ್ಯವಾಗಿ ತಿಳಿದ ಸಂಗತಿ. ‘ಹೋಗುತ್ತೇನೆ’ ಮತ್ತು ‘ಹೋಗುತ್ತಿದ್ದೇನೆ’ ಎರಡಕ್ಕೂ ‘-ಗಿ ಯೋ’ ಸಲ್ಲುತ್ತದೆ. ಕಾಲವಾಚಕ ಪದದ ನೆರವಿನಿಂದ ಭೂತದ ರೂಢಿಗೂ ಸಲ್ಲುತ್ತದೆ. ನಮ್ಮ ಚರ್ಚೆಗೆ ಮುಖ್ಯವಾದದ್ದೇನೆಂದರೆ, ‘ನನಗೆ ಗೊತ್ತು’ ಎಂಬುದಕ್ಕೆ ಬರುವ ‘ಶೇಕಿ ಯೋ’ ಕೂಡ ಅದೇ ರಚನೆಯದು. ಅಂದರೆ ತಿಳಿದಿರುವ ಸ್ಥಿತಿಯೂ ನಡೆಯುತ್ತಿರುವ ಕ್ರಿಯೆಯೂ ಟಿಬೆಟನ್‌ನಲ್ಲಿ ಒಂದೇ ಉಡುಪು ತೊಟ್ಟಿವೆ. ಪೀಠಿಕೆಯಲ್ಲಿ ಹೇಳಿದ ಇಬ್ಬರು ವಿದ್ಯಾರ್ಥಿಗಳಲ್ಲಿ ನನ್ನ ಟಿಪ್ಪಣಿ ಒಬ್ಬರ ಮಟ್ಟಿಗೆ ಸರಿಯಾಗಿದ್ದಿರಬಹುದು. ಅವರು ಕನ್ನಡದವರಲ್ಲ.

ಹೀಗೆ ಒಂದೇ ಊರಿನ ಸುತ್ತ ಮೂರು ಭಿನ್ನ ಊಹೆಗಳು ದೊರೆಯುತ್ತವೆ: ಕನ್ನಡದ ಮನೆಯವರಲ್ಲಿ ಭೂತದ ರೂಢಿಗೆ ‘-ಇಂಗ್’, ಸ್ಥಿತಿಗೆ ಇಲ್ಲ, ತಮಿಳಿನ ಮನೆಯವರಲ್ಲಿ ಎರಡಕ್ಕೂ ಇಲ್ಲ, ಟಿಬೆಟನ್ ಮನೆಯವರಲ್ಲಿ ಎರಡಕ್ಕೂ ಇದೆ. ಟಿಬೆಟನ್ ಮಕ್ಕಳ ಶಾಲಾ ಪರಿಸರ ಬೇರೆಯಾಗಿರಬಹುದಾದ್ದರಿಂದ ಹೋಲಿಕೆ ಒಂದೇ ತರಗತಿಯಲ್ಲಿ ಒಂದೇ ಅಧ್ಯಾಪಕರಲ್ಲಿ ಓದುವ ಕನ್ನಡ ಮತ್ತು ತಮಿಳು ಮನೆಮಾತಿನ ಮಕ್ಕಳಿಂದ ಆರಂಭವಾಗಬೇಕು. ತಮಿಳು ಮನೆಯವರು ಕನ್ನಡವನ್ನೂ ನಿರರ್ಗಳವಾಗಿ ಆಡುವುದರಿಂದ ‘ಮಾತೃಭಾಷೆ’ ಎಂಬ ಏಕವಚನವೇ ಅಲ್ಲಿ ಪ್ರಶ್ನೆಗೊಳಗಾಗುತ್ತದೆ. ಅದನ್ನೂ ಪರೀಕ್ಷೆಯ ಭಾಗವಾಗಿಸಬೇಕು.

6. ಉಳಿದ ಪ್ರಶ್ನೆ

ಕನ್ನಡದಿಂದ ಬಾರದ ‘ನೋಯಿಂಗ್’, ‘ಹ್ಯಾವಿಂಗ್’ಗಳು ಕನ್ನಡಿಗರ ಬಾಯಿಗೆ ಬಂದದ್ದೆಲ್ಲಿಂದ? ಮೂರು ಸಾಧ್ಯತೆಗಳನ್ನು ಮುಂದಿಡಬಹುದು. ಮೊದಲನೆಯದು ಇಂಗ್ಲಿಷ್‌ನ ಒಳಗಿನದೇ. ಸರಳ ವರ್ತಮಾನಕ್ಕೆ ಪ್ರಥಮ ಪುರುಷ ಏಕವಚನದಲ್ಲಿ ‘-ಎಸ್’ ಬೇಕು, ನಿಷೇಧಕ್ಕೂ ಪ್ರಶ್ನೆಗೂ ‘ಡೂ’ ಬೇಕು. ‘ಬೀ’ ಮತ್ತು ‘-ಇಂಗ್’ಗಳ ರಚನೆಯಲ್ಲಿ ಹೇಳಿಕೆ, ನಿಷೇಧ, ಪ್ರಶ್ನೆ ಮೂರೂ ಒಂದೇ ಸಹಾಯಕ ಕ್ರಿಯಾಪದದ ಮೇಲೆ ನಡೆಯುತ್ತವೆ. ಕಲಿಯುವವನು ಸುಗಮವಾದ ದಾರಿ ಹಿಡಿಯುವುದು ಸಹಜ. ಎರಡನೆಯದು ಈಗಾಗಲೇ ನೆಲೆಗೊಂಡಿರುವ ಭಾರತೀಯ ಇಂಗ್ಲಿಷ್. ಕನ್ನಡಿಗನು ಇಂಗ್ಲಿಷ್ ಕಲಿಯುವುದು ಬಹುಮಟ್ಟಿಗೆ ಭಾರತೀಯರಿಂದ. ಹಿಂದಿಯಂಥ ಭಾಷೆಗಳ ನೆರಳಿನಲ್ಲಿ ಬೆಳೆದ ಪ್ರಯೋಗವೊಂದು ಸಿದ್ಧವಸ್ತುವಾಗಿ ಅವನಿಗೆ ತಲುಪಿರಬಹುದು. ಮೂರನೆಯದು ಭೂತದ ರೂಢಿಯಲ್ಲಿ ಕನ್ನಡ ತೆರೆದ ಬಾಗಿಲಿನಿಂದ ‘-ಇಂಗ್’ ಒಳಬಂದು, ಕ್ರಮೇಣ ಇತರ ಸಂದರ್ಭಗಳಿಗೆ ಹರಡಿರುವುದು. ಮೂರನೆಯದು ನಿಜವಾದರೆ ಭೂತದ ರೂಢಿಯಲ್ಲಿ ‘-ಇಂಗ್’ ಹೆಚ್ಚಾಗಿರುವವರಲ್ಲೇ ಸ್ಥಿತಿವಾಚಕ ‘-ಇಂಗ್’ ಕೂಡ ಕಾಣಬೇಕು. ಮೊದಲನೆಯದು ನಿಜವಾದರೆ ಮನೆಮಾತು ಯಾವುದಾದರೂ ಕಲಿಕೆಯ ಮಟ್ಟ ಏರಿದಂತೆ ಅದು ಇಳಿಯಬೇಕು. ಊಹೆಗಳನ್ನು ಹೀಗೆ ಬೇರ್ಪಡಿಸಲು ಸಾಧ್ಯವಿರುವಾಗ ‘ಪ್ರಭಾವ’ ಎಂಬ ಒಂದು ಪದದಲ್ಲಿ ಎಲ್ಲವನ್ನೂ ಮುಗಿಸುವುದು ವಿವರಣೆಯಾಗದು.

ಮಾನಕವೂ ನಿಂತ ನೀರಲ್ಲ. ಬ್ರಿಟಿಷ್ ಮತ್ತು ಅಮೆರಿಕನ್ ಇಂಗ್ಲಿಷ್‌ಗಳಲ್ಲೇ ಸಾತತ್ಯ ರೂಪದ ಬಳಕೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಏರಿರುವುದನ್ನು ಲೀಚ್ ಮತ್ತು ಸಂಗಡಿಗರು (2009) ದಾಖಲಿಸಿದ್ದಾರೆ. 2003ರಿಂದ ಮೆಕ್‌ಡೊನಾಲ್ಡ್ಸ್ ಜಗತ್ತಿಗೆಲ್ಲ ಸಾರುತ್ತಿರುವ ‘ಐ ಆಮ್ ಲವಿಂಗ್ ಇಟ್’ ಎಂಬ ಘೋಷಣೆಯಲ್ಲಿರುವುದೂ ಸ್ಥಿತಿವಾಚಕವೇ. ಅದಕ್ಕೆ ಯಾರೂ ಮಾತೃಭಾಷೆಯನ್ನು ಹೊಣೆ ಮಾಡಿಲ್ಲ.

7. ಸಮಾರೋಪ

ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ್ದು ಸಂಸ್ಕೃತದ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. ಕನ್ನಡಿಗರ ಇಂಗ್ಲಿಷ್ ಅನ್ನು ವರ್ಣಿಸುವಾಗಲೂ ಅದೇ ಎಚ್ಚರ ಬೇಕಾಗಿದೆ. ಇಲ್ಲಿ ಎರವಲು ತಂದ ಚೌಕಟ್ಟು ಹಿಂದಿಯದು. ‘ಗೊತ್ತು’ ಮತ್ತು ‘ಗೊತ್ತಾಗುತ್ತಿದೆ’ಗಳ ಭೇದ, ‘ಕುಳಿತಿದ್ದಾನೆ’ಯ ಫಲಸ್ಥಿತಿ, ‘ಹೋಗುತ್ತಿದ್ದೆ’ಯ ಎರಡು ಅರ್ಥ ಇವನ್ನು ಎಣಿಕೆಗೆ ತೆಗೆದುಕೊಳ್ಳದ ಯಾವ ಅಧ್ಯಯನವೂ ಕನ್ನಡದ ಪ್ರಭಾವದ ಬಗ್ಗೆ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಮಾತನಾಡಲು ಅರ್ಹವಲ್ಲ. ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಸಾಮಗ್ರಿಯನ್ನು ಕನಿಷ್ಠ ಮೂರು ರೀತಿಯಲ್ಲಾದರೂ ವಿಂಗಡಿಸಿಕೊಳ್ಳಬೇಕೆಂಬುದು ನನ್ನ ಸಲಹೆ: ಕಾಲದಿಂದ, ಕ್ರಿಯಾಪದದ ಕನ್ನಡ ಸಮಾನಾರ್ಥಕದ ರಚನೆಯಿಂದ, ಮತ್ತು ಮಾತನಾಡುವವರು ಬಲ್ಲ ಎಲ್ಲ ಭಾಷೆಗಳಿಂದ.

ಅಲ್ಲಿಯವರೆಗೆ ಉತ್ತರಪತ್ರಿಕೆಯ ಅಂಚಿನಲ್ಲಿ ಬಳಕೆಯನ್ನು ತಿದ್ದಿದರೆ ಸಾಕು. ಕಾರಣವನ್ನು ಬರೆಯಲು ನಮ್ಮಲ್ಲಿ ಇನ್ನೂ ಆಧಾರವಿಲ್ಲ.